ಅಮಾಸಿ ಕಾಗದ: ದಾವಣಗೆರೆಯ ಗುಮಾಸ್ತರೊಬ್ಬರ ಪತ್ರಾಭ್ಯಾಸ ಕುರಿತ ಪ್ರಕರಣ ಅಧ್ಯಯನ

ದೂರು

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ದಲಾಲಿ ಮಂಡಿಯೊಂದರಲ್ಲಿ 41 ವರ್ಷ ಕಿರ್ದಿ (ದಿನದ ಜಮಾ ಖರ್ಚಿನ ಲೆಕ್ಕ) ಬರೆದು ನಿವೃತ್ತರಾದ, 71 ವರ್ಷದ ಗುಮಾಸ್ತರೊಬ್ಬರನ್ನು ಅವರ ಮಗಳು ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಕರೆತಂದಾಗ ಆಕೆಯ ಕೈಯಲ್ಲಿ ಒಂದು ಹಳೆಯ ಕಿರ್ದಿ ಪುಸ್ತಕವಿತ್ತು. ತಾಯಿ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ತಂದೆ ನಡುರಾತ್ರಿ ಎದ್ದು ಕುಳಿತು ಬರೆಯತೊಡಗಿದ್ದಾರೆ, ಬರೆದ ಹಾಳೆಗಳನ್ನು ಈ ಪುಸ್ತಕದೊಳಗೆ ಮಡಿಸಿಡುತ್ತಾರೆ, ಏನೆಂದು ಕೇಳಿದರೆ "ನಾನು ಹೋದ ಮೇಲೆ ಓದ್ರಿ" ಎನ್ನುತ್ತಾರೆ ಎಂಬುದು ಆಕೆಯ ದೂರು. ಹರಿಹರದಲ್ಲಿರುವ ಆಕೆ ವಾರಕ್ಕೊಮ್ಮೆ ಬಂದು ತಂದೆಯನ್ನು ನೋಡಿಕೊಂಡು ಹೋಗುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ "ಬಿಡ್ತು ಅನ್ರಿ ಅಪ್ಪಾಜಿ" ಎಂದು ಗದರಿಸಿ, ಹಾಳೆಗಳನ್ನು ಬಿಡಿಸಿ ನೋಡಲು ಹೆದರಿ, ಕೊನೆಗೆ ಪುಸ್ತಕವನ್ನೇ ಎತ್ತಿಕೊಂಡು ಬಂದಿದ್ದರು. ಇಬ್ಬರ ಒಪ್ಪಿಗೆಯ ಮೇಲೆ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಭೇಟಿಯಲ್ಲಿ ನಾನು ಪತ್ರದ ಮಾತನ್ನೇ ಎತ್ತಲಿಲ್ಲ. ಸಂಗಾತಿಯನ್ನು ಕಳೆದುಕೊಂಡ ಹಿರಿಯರು ಇದ್ದಕ್ಕಿದ್ದಂತೆ ವಿದಾಯದ ಮಾತು ಬರೆಯತೊಡಗಿದರೆ, ತಮ್ಮ ಸಾಮಾನುಗಳನ್ನು ಒಬ್ಬೊಬ್ಬರಿಗೆ ಹಂಚತೊಡಗಿದರೆ, ಅದನ್ನು ಒಳ್ಳೆಯ ಹವ್ಯಾಸವೆಂದು ಹೊಗಳುವುದಕ್ಕೆ ಮುಂಚೆ ಬದುಕು ಸಾಕೆನಿಸಿದೆಯೇ, ತಾವಾಗಿ ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಲೇಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಅಳುಕು ಮನೆಯವರಲ್ಲಿ ಸಾಮಾನ್ಯ, ಆದರೆ ಅದು ನಿಜವಲ್ಲ; ಕೇಳಿದವರೊಬ್ಬರು ಸಿಕ್ಕರಲ್ಲ ಎಂದು ಹೆಚ್ಚಿನವರು ಹಗುರಾಗುತ್ತಾರೆ. ಇವರು ನಕ್ಕರು. "ಸಾಯಾಕೆ ಆತ್ರ ಏನಿಲ್ರಿ ಮೇಡಂ. ಬಾಕಿ ಉಳಿಸ್ಕೊಂಡು ಹೋಗಬಾರ್ದು, ಅಷ್ಟೆ" ಎಂದರು. ಊಟ ಸರಿಯಾಗಿತ್ತು, ತೂಕ ಇಳಿದಿರಲಿಲ್ಲ, ಬೆಳಗಿನ ವಾಕಿಂಗ್ ತಪ್ಪಿರಲಿಲ್ಲ. ನಡುರಾತ್ರಿ ಎಚ್ಚರವಾಗುತ್ತಿದ್ದುದಕ್ಕೆ ಅರ್ಧ ಕಾರಣ ಅವರು ರಾತ್ರಿ ಊಟದ ನಂತರ ನುಂಗುತ್ತಿದ್ದ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಎಂಬುದು ವಿಚಾರಿಸಿದಾಗ ತಿಳಿಯಿತು. ಅವರ ವೈದ್ಯರು ಅದನ್ನು ಬೆಳಗಿಗೆ ಬದಲಿಸಿದರು. ಆದರೂ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಮಗಳ ಕೈಗೆ ಕೊಟ್ಟೆ. 2022ರ ಅಕ್ಟೋಬರ್ 10ರಂದು ಆರಂಭವಾದ ಆ ಸರ್ಕಾರಿ ಸೇವೆಯಲ್ಲಿ ಹಗಲಿರುಳು ಕನ್ನಡದಲ್ಲೇ ಮಾತನಾಡಬಹುದು, ಖರ್ಚೂ ಇಲ್ಲ.

ಮುಯ್ಯಿ ಪುಸ್ತಕದ ಒಂದು ಸಾಲು

ಬಾಕಿ ಎಂಬ ಮಾತನ್ನು ಅವರು ಸುಮ್ಮನೆ ಆಡಿರಲಿಲ್ಲ. ಅದು ಅವರ ವೃತ್ತಿಯ ಮಾತು. ಸಂಜೆ ವ್ಯಾಪಾರ ಮುಗಿದು, ಹಮಾಲರ ಕೂಲಿ ಬಟವಾಡೆಯಾಗಿ, ರೈತರ ಲೆಕ್ಕದ ಪಟ್ಟಿಗಳೆಲ್ಲ ಕೈಸೇರಿದ ಮೇಲೆ ಗುಮಾಸ್ತ ಕಿರ್ದಿಗೆ ಕೂರುತ್ತಾನೆ. ಬೆಳಗಿನ ಶಿಲ್ಕು (ಕೈಯಲ್ಲಿ ಉಳಿದ ಹಣ), ದಿನದ ಜಮಾ, ದಿನದ ಖರ್ಚು ಬರೆದು ಕೆಳಗೆ ಅಖೈರು, ಅಂದರೆ ಕೊನೆಯ, ಶಿಲ್ಕು ತೆಗೆದು ಗಲ್ಲಾ ಪೆಟ್ಟಿಗೆಯ ಹಣಕ್ಕೆ ತಾಳೆ ನೋಡುತ್ತಾನೆ. ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಅದು ಸಿಗುವ ತನಕ ಮನೆಗೆ ಹೋಗುವಂತಿಲ್ಲ. ಮಂಡಿಗೆ ಕಂಪ್ಯೂಟರ್ ಬಂದ ಮೇಲೂ ಮಾಲೀಕರು ಇವರ ಕಿರ್ದಿಯನ್ನು ನಿಲ್ಲಿಸಿರಲಿಲ್ಲವಂತೆ. ನಿವೃತ್ತಿಯಾದ ಮೇಲೆ ಸಂಜೆ ಐದೂವರೆಯಿಂದ ಏಳರವರೆಗಿನ ಹೊತ್ತು ಅವರಿಗೆ ಕಳೆಯದಾಯಿತು. ಹೆಂಡತಿ ಬದುಕಿರುವಷ್ಟು ದಿನ ಆ ಹೊತ್ತಿನಲ್ಲಿ ಅವರೊಂದಿಗೆ ಕೂತು ಅವರೆಕಾಯಿ ಸುಲಿದೋ ಅಕ್ಕಿ ಆರಿಸಿಯೋ ಹೇಗೋ ದಾಟಿಸುತ್ತಿದ್ದರು.

ಹೆಂಡತಿ ಓದಿದ್ದು ನಾಲ್ಕನೆಯ ತರಗತಿ. ಅವರೂ ಒಂದು ಲೆಕ್ಕ ಇಟ್ಟಿದ್ದರು: ಮದುವೆ, ಗೃಹಪ್ರವೇಶ, ತೊಟ್ಟಿಲ ಕಾರ್ಯಗಳಲ್ಲಿ ಯಾರು ತಮಗೆ ಏನು ಮುಯ್ಯಿ ಮಾಡಿದರು, ತಾವು ಯಾರಿಗೆ ಏನು ತಿರುಗಿಸಬೇಕು ಎಂಬ ಮುಯ್ಯಿ ಪುಸ್ತಕ. ವರ್ಷದ ಕಾರ್ಯಕ್ಕೆ ಬಂಧುಗಳ ಪಟ್ಟಿ ಮಾಡಲೆಂದು ಟ್ರಂಕಿನಿಂದ ಅದನ್ನು ತೆಗೆದ ಗುಮಾಸ್ತರಿಗೆ ಸೀರೆ, ಪಾತ್ರೆ, ಐವತ್ತು ರೂಪಾಯಿ, ನೂರೊಂದು ರೂಪಾಯಿಗಳ ನಡುವೆ ಒಂದು ಸಾಲು ಕಂಡಿತು. "ತಮ್ಮನಿಗೆ 6,000. ಇವರಿಗೆ ಹೇಳಿಲ್ಲ."

ಆರು ಸಾವಿರದ ಬಗ್ಗೆ ಅವರಿಗೆ ಸಿಟ್ಟು ಬರಲಿಲ್ಲ. ನನ್ನೆದುರು ಆ ಪುಟ ತೆರೆದಿಟ್ಟು ಅವರು ಹೇಳಿದ್ದು ಇಷ್ಟು: 43 ವರ್ಷ ಸಂಸಾರ ಮಾಡಿದವಳಿಗೆ ಇದೊಂದು ಮಾತನ್ನು ನನ್ನ ಹತ್ತಿರ ಹೇಳುವ ಧೈರ್ಯ ಬರದಂತೆ ನಾನು ಬದುಕಿದೆನಲ್ಲ, ನಾನು ಯಾರ್ಯಾರಿಗೆ ಏನೇನು ಹೇಳಿಲ್ಲವೋ ಎಂದು ಅಂದು ರಾತ್ರಿ ಯೋಚಿಸಿದೆ, ನಿದ್ದೆ ಬರಲಿಲ್ಲ, ಎದ್ದು ಬರೆಯಲು ಕೂತೆ. ಮಗಳು ಸಾವಿನ ಸಿದ್ಧತೆ ಎಂದುಕೊಂಡದ್ದು ಮೂಲದಲ್ಲಿ ಇದಾಗಿತ್ತು.

ಮೊದಲ ಕರಡು

ಪ್ರೀತಿಪಾತ್ರರಿಗೆ ಸ್ವತ್ತಿನ ಜೊತೆಗೆ, ಅಥವಾ ಸ್ವತ್ತಿನ ಬದಲಿಗೆ, ಮಾತನ್ನು ಬಿಟ್ಟುಹೋಗುವ ರೂಢಿ ಹೊಸದಲ್ಲ. ಯಹೂದಿಗಳಲ್ಲಿ ತಂದೆತಾಯಿ ಮಕ್ಕಳಿಗೆ ಬುದ್ಧಿಮಾತು, ಹಾರೈಕೆಗಳನ್ನು ಬರೆದಿಡುವ ಸಂಪ್ರದಾಯ ಶತಮಾನಗಳಿಂದ ಇದೆ. ಅದರ ಮೂಲವನ್ನು ಅವರು ಆದಿಕಾಂಡದ 49ನೆಯ ಅಧ್ಯಾಯದಲ್ಲಿ ಯಾಕೋಬನು ಹನ್ನೆರಡು ಗಂಡುಮಕ್ಕಳನ್ನು ಹಾಸಿಗೆಯ ಸುತ್ತ ಕರೆದು ಒಬ್ಬೊಬ್ಬರಿಗೆ ಆಡಿದ ಮಾತುಗಳಲ್ಲಿ ಕಾಣುತ್ತಾರೆ. ಆಸ್ಪತ್ರೆಯ ಕೆಲಸವಾಗಿ ಅದನ್ನು ರೂಪಿಸಿದವರು ಕೆನಡಾದ ಮನೋವೈದ್ಯ ಹಾರ್ವಿ ಚೊಚಿನೋವ್. ಕೊನೆಯ ಹಂತದಲ್ಲಿರುವ ರೋಗಿಗಳೊಂದಿಗೆ ಕೆಲವು ಪ್ರಶ್ನೆಗಳನ್ನಿಟ್ಟು ಮಾತನಾಡಿ, ಆ ಮಾತನ್ನು ಬರಹಕ್ಕಿಳಿಸಿ, ತಿದ್ದಿ, ಅವರಿಗೇ ಓದಿ ಹೇಳಿ, ಒಪ್ಪಿದ ಮೇಲೆ ಕುಟುಂಬಕ್ಕೆ ಕೊಡುವ ಕ್ರಮ ಅವರದು. 2005ರಲ್ಲಿ ಕೆನಡಾ ಮತ್ತು ಆಸ್ಟ್ರೇಲಿಯಾದ 100 ರೋಗಿಗಳ ಮೇಲೆ ಪ್ರಕಟವಾದ ಅಧ್ಯಯನದಲ್ಲಿ ಶೇ. 91ರಷ್ಟು ಮಂದಿ ತೃಪ್ತಿ ಸೂಚಿಸಿದ್ದರು, ಶೇ. 76ರಷ್ಟು ಮಂದಿ ತಮ್ಮ ಘನತೆಯ ಭಾವ ಹೆಚ್ಚಿತೆಂದರು. ಆದರೆ 2011ರಲ್ಲಿ ಅದೇ ತಂಡ ನಡೆಸಿದ ದೊಡ್ಡ ಹೋಲಿಕೆ ಪರೀಕ್ಷೆಯಲ್ಲಿ, ಇತರ ಆರೈಕೆ ಪಡೆದವರಿಗಿಂತ ಈ ಕ್ರಮದಲ್ಲಿದ್ದವರ ಸಂಕಟ ಅಳತೆಗೆ ಸಿಗುವಷ್ಟು ಇಳಿಯಿತೆಂದು ಕಾಣಲಿಲ್ಲ; ತಮಗೂ ಕುಟುಂಬಕ್ಕೂ ಉಪಯೋಗವಾಯಿತೆಂದು ರೋಗಿಗಳು ಹೇಳಿದ್ದು ಮಾತ್ರ ಇವರಲ್ಲೇ ಹೆಚ್ಚು. ಹೀಗಾಗಿ ಪತ್ರ ಬರೆಸುವುದನ್ನು ನಾನು ದುಃಖಕ್ಕೆ ಮದ್ದೆಂದು ಯಾರಿಗೂ ಹೇಳುವುದಿಲ್ಲ.

ಇಂಥ ಪತ್ರಕ್ಕೆ ಬಳುವಳಿ ಪತ್ರ ಎಂಬ ಹೆಸರನ್ನು ನಾನು ಬಳಸುತ್ತೇನೆ. ತವರಿನಿಂದ ಬಂದದ್ದು, ಹಿರಿಯರಿಂದ ಇಳಿದದ್ದು ಎಂಬ ಎರಡೂ ಅರ್ಥ ಅದರಲ್ಲಿದೆ. ಗುಮಾಸ್ತರಿಗೆ ಅದು ಹಿಡಿಸಲಿಲ್ಲ. ಅವರು ಇಟ್ಟ ಹೆಸರು ಮುಂದೆ ಬರುತ್ತದೆ.

ಕಿರ್ದಿ ಪುಸ್ತಕದೊಳಗಿದ್ದ ಹಾಳೆಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲಿರುವ ಮಗನಿಗೆ ಬರೆದ, ಹನ್ನೊಂದು ಪುಟಗಳ ಒಂದೇ ಪತ್ರ. ಅವರ ಅನುಮತಿ ಪಡೆದು ಓದಿದೆ. ಮೊದಲ ಪುಟದಲ್ಲಿ ಸತ್ಯ, ಮಿತವ್ಯಯ, ಬೆಳಗ್ಗೆ ಬೇಗ ಏಳುವುದು, ಸಾಲ ಮಾಡದಿರುವುದು. ಎರಡನೆಯ ಪುಟದಿಂದ ಮಗನ ಹೈಸ್ಕೂಲು, ಪಿಯುಸಿ, ಇಂಜಿನಿಯರಿಂಗ್ ಓದಿಗೆ ಯಾವ ವರ್ಷ ಎಷ್ಟು ಹಣ ಕಟ್ಟಿದ್ದು, ಯಾವ ಸಾಹುಕಾರರಿಂದ ಎಷ್ಟು ಬಡ್ಡಿಗೆ ತಂದದ್ದು, ಹೆಂಡತಿಯ ಯಾವ ಒಡವೆ ಯಾವ ಬ್ಯಾಂಕಿನಲ್ಲಿ ಎಷ್ಟು ತಿಂಗಳು ಅಡವಿದ್ದದ್ದು. ಅಂಕಿ ಒಂದೂ ತಪ್ಪಿರಲಿಲ್ಲ. ಕೊನೆಯ ಪುಟದಲ್ಲಿ, ಮನೆಯ ಮೇಲಂತಸ್ತು ಮಗಳಿಗೆ ಸೇರತಕ್ಕದ್ದು ಎಂಬ ಒಂದು ವಾಕ್ಯ. ಓದಿ ಮುಗಿಸಿದ ಮೇಲೆ ನಾನು ಕೇಳಿದೆ: "ಇದನ್ನು ಓದಿದ ಮಗ ನಿಮಗೆ ಏನು ಉತ್ತರ ಬರೆಯಬಹುದು?" ಅವರು ಬಹಳ ಹೊತ್ತು ಸುಮ್ಮನಿದ್ದು, "ಚೆಕ್ ಕಳಿಸ್ತಾನ್ರಿ" ಎಂದರು.

ಬಳುವಳಿ ಪತ್ರಗಳು ಕೆಡುವುದು ಹೆಚ್ಚಾಗಿ ಈ ಎರಡು ಕಡೆಯಲ್ಲಿ. ಒಂದು, ಉಪದೇಶ; ಮಗನಿಗೆ ನಲವತ್ತು ದಾಟಿದೆ, ಬೆಳಗ್ಗೆ ಎಷ್ಟು ಹೊತ್ತಿಗೆ ಏಳಬೇಕೆಂದು ಅವನಿಗೆ ಗೊತ್ತಿದೆ. ಇನ್ನೊಂದು, ತ್ಯಾಗದ ಲೆಕ್ಕ. ಬರೆದವರಿಗೆ ಅದು ಪ್ರೀತಿ, ಓದಿದವರಿಗೆ ವಸೂಲಿ ನೋಟಿಸು, ಅದೂ ತೀರಿಸಲು ಎದುರಿಗೆ ಸಾಲ ಕೊಟ್ಟವರೇ ಇಲ್ಲದ ಕಾಲದಲ್ಲಿ ಕೈಗೆ ಬರುವ ನೋಟಿಸು. ಹಾಗೆಂದು ಹನ್ನೊಂದು ಪುಟಗಳನ್ನು ಹರಿದು ಹಾಕಿ ಎನ್ನುವುದು ಸರಿಯಲ್ಲ. ಲೆಕ್ಕವೇ ಅವರ ಭಾಷೆ. ಪತ್ರವನ್ನು ಅವರಿಗೇ ಕೊಟ್ಟು, ಇದರಲ್ಲಿ ಒಂದು ಬಾಬ್ತನ್ನು ಮಾತ್ರ ಆರಿಸಿ, ಆ ದಿನ ಏನಾಯಿತೆಂದು ಹೇಳಿ ಎಂದೆ. ಅವರು ಆರಿಸಿದ್ದು ಮೂರನೆಯ ಸೆಮಿಸ್ಟರಿನ ಶುಲ್ಕ. ಆ ದಿನ ಬ್ಯಾಂಕಿನಿಂದ ಹೊರಬಂದ ತಾಯಿ ಖಾಲಿ ಕೊರಳಿಗೆ ಸೆರಗು ಸುತ್ತಿಕೊಂಡು, "ಹೊಟ್ಟೆ ಹಸಿದೈತಿ" ಎಂದು ಗಂಡನನ್ನು ಬೆಣ್ಣೆ ದೋಸೆ ಹೋಟೆಲಿಗೆ ಕರೆದೊಯ್ದು ಎರಡೆರಡು ದೋಸೆ ತಿನ್ನಿಸಿದ್ದರು. ಮಗನಿಗೆ ಇದು ಗೊತ್ತಿರಲಿಲ್ಲ. ಹನ್ನೊಂದು ಪುಟ ಹೀಗೆ ಒಂದು ಪುಟವಾಯಿತು, ಅದರಲ್ಲಿ ರೂಪಾಯಿಯ ಮೊತ್ತ ಒಂದೂ ಉಳಿಯಲಿಲ್ಲ.

ಮೇಲಂತಸ್ತಿನ ವಾಕ್ಯವನ್ನು ಮಾತ್ರ ಪೂರ್ತಿ ಹೊರಗೆ ತೆಗೆಸಿದೆ. ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ 63ನೆಯ ಪ್ರಕರಣದಂತೆ ಉಯಿಲಿಗೆ ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು; ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿಡುವುದು ಮೇಲು. ಸಾಕ್ಷಿಯಿಲ್ಲದ ಪತ್ರದಲ್ಲಿ ಆಸ್ತಿಯ ಮಾತು ಬರೆದರೆ ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ, ಅಣ್ಣತಂಗಿಯರ ನಡುವೆ ಮಾತ್ರ ಕಲ್ಲಿನಂತೆ ನಿಲ್ಲುತ್ತದೆ. ಮನೆ ಅವರ ಸ್ವಯಾರ್ಜಿತ. ವಕೀಲರಲ್ಲಿಗೆ ಹೋಗಿ ಬೇರೆಯೇ ಉಯಿಲು ಮಾಡಿಸಿ ಬಂದರು, ಅದಕ್ಕೆ ಎರಡು ವಾರ ಹಿಡಿಯಿತು.

ಅಮಾವಾಸ್ಯೆಯ ಅರ್ಧ ಗಂಟೆ

ಎಲ್ಲವನ್ನೂ ಒಂದೇ ಪತ್ರದಲ್ಲಿ ತುಂಬುವ ಆತುರವನ್ನು ಬಿಡಿಸುವುದು ಮುಂದಿನ ಕೆಲಸವಾಗಿತ್ತು. ಕೊನೆಯ ಮಾತೆಂದು ಬರೆಯಹೊರಟವರು ಸಹಜವಾಗಿ ತೀರ್ಪಿನ ದನಿಗೆ ಬೀಳುತ್ತಾರೆ, ಅಥವಾ ಆ ಮಾತಿನ ಭಾರಕ್ಕೆ ಹೆದರಿ ಬರೆಯುವುದೇ ಇಲ್ಲ. ತಿಂಗಳಿಗೆ ಒಂದು, ಒಬ್ಬರಿಗೆ, ಒಂದು ಪುಟ, ಅರ್ಧ ಗಂಟೆ ಎಂದು ನಿಗದಿ ಮಾಡಿಕೊಂಡೆವು. ಯಾವ ದಿನವೆಂದು ಕೇಳಿದರೆ ಅವರು ತಡಮಾಡದೆ ಅಮಾವಾಸ್ಯೆ ಎಂದರು. ಅವರ ಮಂಡಿಯಲ್ಲಿ ಅಂದು ಪೂಜೆಯಾಗಿ, ವ್ಯವಹಾರ ಬೇಗ ಮುಗಿದು, ಕಿರ್ದಿಗೆ ಬಿಡುವಾಗಿ ಕೂರಲು ಸಿಗುತ್ತಿದ್ದ ಒಂದೇ ಸಂಜೆ ಅದಾಗಿತ್ತು. ಮಗಳಿಗೆ ಮತ್ತೆ ಅಳುಕು. ಅವರ ಮನೆಯಲ್ಲಿ ಶಿವಗಣಾರಾಧನೆಯ (ತೀರಿಕೊಂಡವರ ಕಾರ್ಯದ) ಕಾರ್ಡನ್ನು ಓದಿ ಹೊರಗೇ ಹರಿದು ಹಾಕುವ ರೂಢಿ, ಅಂಥದ್ದರಲ್ಲಿ ಅಮಾವಾಸ್ಯೆಯ ದಿನ ಕೂತು ಸಾವಿನ ಕಾಗದ ಬರೆಯುವುದೆಂದರೆ ಏನು? ತಂದೆಯ ಉತ್ತರ ಚಿಕ್ಕದಾಗಿತ್ತು: "ದೀಪಾವಳಿಗೆ ಲಕ್ಷ್ಮಿ ಪೂಜೆ ಯಾವತ್ತು ಮಾಡ್ತೀಯವ್ವ?" ಅಲ್ಲಿಂದ ಆ ಪತ್ರಗಳಿಗೆ ಅಮಾಸಿ ಕಾಗದ ಎಂಬ ಹೆಸರು ಬಿತ್ತು.

ಬರೆಯುವ ಹೊತ್ತನ್ನು ನಡುರಾತ್ರಿಯಿಂದ ಸಂಜೆ ಐದೂವರೆಗೆ ತಂದದ್ದಕ್ಕೆ ಬೇರೊಂದು ಕಾರಣವೂ ಇತ್ತು. ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮಗೆ ಆಘಾತ ತಂದ ಸಂಗತಿಯ ಬಗ್ಗೆ ಬರೆದಿದ್ದರು. ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆಯಾಯಿತು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಬರೆದು ಮುಗಿಸಿದ ಕೂಡಲೇ ಅವರ ಮನಸ್ಸು ಮೊದಲಿಗಿಂತ ಕುಗ್ಗಿತ್ತು ಎಂಬುದನ್ನು ಬಹಳ ಜನ ಹೇಳುವುದಿಲ್ಲ. ಒಂಟಿಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಹಾಗೆ ಕುಗ್ಗಿದ ಮನಸ್ಸಿಗೆ ಜೊತೆ ಯಾರು? ಆದ್ದರಿಂದ ಬರೆದು ಮುಚ್ಚಿಟ್ಟ ಮೇಲೆ ಜಯದೇವ ವೃತ್ತದ ಕಡೆ ನಡೆದುಹೋಗಿ, ಹಳೆಯ ಗೆಳೆಯರ ಜೊತೆ ಮಂಡಕ್ಕಿ ಮಿರ್ಚಿ ತಿಂದೇ ಮನೆಗೆ ಬರಬೇಕೆಂದು ಕರಾರು ಮಾಡಿಕೊಂಡೆವು. ಈ ಷರತ್ತನ್ನು ಅವರು ಒಮ್ಮೆಯೂ ತಪ್ಪಿಸಲಿಲ್ಲ.

ಪ್ರಶ್ನೆಗಳ ವಿಷಯದಲ್ಲಿ ನಾನೇ ಮುಗ್ಗರಿಸಿದೆ. ಚೊಚಿನೋವ್ ಅವರ ಪ್ರಶ್ನೆಗಳಲ್ಲಿ ಹೆಸರಾದದ್ದೊಂದು, ಬದುಕಿನಲ್ಲಿ ನೀವು ಅತ್ಯಂತ ಜೀವಂತವಾಗಿದ್ದೀರಿ ಎನ್ನಿಸಿದ್ದು ಯಾವಾಗ ಎಂದು ಕೇಳುತ್ತದೆ. ಅದನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿ ಕೇಳಿದಾಗ ಗುಮಾಸ್ತರು ಗಲಿಬಿಲಿಗೊಂಡು, "ಈಗ್ಲೂ ಜೀವಂತ ಇದೀನಲ್ರಿ" ಎಂದರು. ಮುಂದಿನ ಸಲ, ನಿಮಗೆ ಮನಸ್ಸು ತುಂಬಿ ಬಂದ ದಿನ ಯಾವುದು ಎಂದು ಕೇಳಿದೆ. ಮಾತು ಹರಿಯಿತು. ಒಂದು ಸುಗ್ಗಿಯ ಸಂಜೆ ಪ್ರಾಂಗಣದಲ್ಲಿ ಮೆಕ್ಕೆಜೋಳದ ರಾಶಿಗಳು ಬಯಲಲ್ಲಿ ಬಿದ್ದಿದ್ದಾಗ ಹೇಳದೆ ಕೇಳದೆ ಮಳೆ ಬಂದಿತ್ತು. ಆ ಕಥೆ ಬೆಂಗಳೂರಿನ ಹದಿನೈದು ವರ್ಷದ ಮೊಮ್ಮಗಳಿಗೆ ಬರೆದ ಎರಡನೆಯ ಕಾಗದವಾಯಿತು. ಅದರ ಒಂದು ಭಾಗ ಇದು:

"ಚಿರಂಜೀವಿ ಮೊಮ್ಮಗಳಿಗೆ ನಿನ್ನ ತಾತ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ. ತಾಡಪತ್ರಿ ಸಾಲದೆ ಬಂದಾಗ ಹಮಾಲರು ತಮ್ಮ ಹೆಗಲ ಟವೆಲುಗಳನ್ನು ರಾಶಿಯ ಅಂಚಿಗೆ ಹಾಸಿದರು. ರೈತ ಯಾರು, ದಲಾಲಿ ಯಾರು, ಗುಮಾಸ್ತ ಯಾರು ಎಂದು ಆ ಹೊತ್ತಿನಲ್ಲಿ ಗುರುತು ಸಿಗುತ್ತಿರಲಿಲ್ಲ, ಎಲ್ಲರ ಮೈಯೂ ಒಂದೇ ಬಣ್ಣ. ರಾತ್ರಿ ಹತ್ತಕ್ಕೆ ನಿಮ್ಮ ಅಜ್ಜಿ ಗೋಣಿಕೊಪ್ಪೆ ಹಾಕಿಕೊಂಡು ರೊಟ್ಟಿ ಬುಟ್ಟಿ ಹೊತ್ತು ಬಂದಳು. ನಾನು ಒಬ್ಬನಿಗೆ ತಂದಿದ್ದಾಳೆಂದುಕೊಂಡೆ. ಹದಿನಾಲ್ಕು ಜನ ತಿಂದೆವು. ಅವಳಿಗೆ ಉಳಿಯಿತೋ ಇಲ್ಲವೋ ಎಂದು ನಾನು ಅವತ್ತು ಕೇಳಲಿಲ್ಲ."

ಮೊದಲಿಗೆ ಈ ಕಾಗದವನ್ನು ಮೊಮ್ಮಗಳಿಗೆ ಓದಲು ಆಗಲಿಲ್ಲ. ಇಂಗ್ಲಿಷ್ ಮಾಧ್ಯಮದ ಹುಡುಗಿಗೆ ಅಚ್ಚಿನ ಕನ್ನಡ ನಿಧಾನವಾಗಿ ದಕ್ಕುತ್ತದೆ, ಆದರೆ ತಾತನದು ಮಂಡಿಯ ಮೋಡಿ ಅಕ್ಷರ: ಕೈ ಎತ್ತದೆ, ತಲೆಕಟ್ಟು ಕೊಡದೆ, ಒಂದು ಸಾಲು ಒಂದೇ ದಾರದಂತೆ ಹರಿಯುವ ಬರವಣಿಗೆ. ಮಗ ಫೋನಿನಲ್ಲಿ ಓದಿ ಹೇಳಲು ಮುಂದಾದ. ಗುಮಾಸ್ತರು ಒಪ್ಪದೆ ಇಡೀ ಪುಟವನ್ನು ಗುಂಡು ಅಕ್ಷರದಲ್ಲಿ, ಒಂದೊಂದು ಒತ್ತಕ್ಷರವನ್ನೂ ಬಿಡಿಸಿ, ಮತ್ತೆ ಬರೆದರು. ಮೋಡಿಯಲ್ಲಿ ಹದಿನೈದು ನಿಮಿಷದ ಕೆಲಸ ಗುಂಡು ಅಕ್ಷರದಲ್ಲಿ ಒಂದು ಗಂಟೆ ತೆಗೆದುಕೊಂಡಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅಚ್ಚರಿಯಾಯಿತು. ಮೇಲೆ ಕೊಟ್ಟ ಭಾಗದ ಕೊನೆಯ ವಾಕ್ಯ ಮೋಡಿ ಪ್ರತಿಯಲ್ಲಿ ಇರಲೇ ಇಲ್ಲ. ಕೈ ನಿಧಾನವಾದಾಗ ನೆನಪಿಗೆ ಹಿಂದೆ ತಿರುಗಲು ಬಿಡುವು ಸಿಕ್ಕಿತೆಂದು ತೋರುತ್ತದೆ. ಅಲ್ಲಿಂದ ಎಲ್ಲ ಕಾಗದಗಳೂ ಗುಂಡು ಅಕ್ಷರದಲ್ಲಿ. ಮೊಮ್ಮಗಳು ಓದಿ, ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, "ತಾತ, ಸಾಂಪ್ರತ ಅಂದ್ರೆ ಏನು?" ಐವತ್ತು ವರ್ಷ ಆ ಸಾಲನ್ನು ಬರೆದ ಗುಮಾಸ್ತರಿಗೂ ಗೊತ್ತಿರಲಿಲ್ಲ. ಸದ್ಯ ಎಂದರ್ಥ, ಎರಡೂ ಕಡೆ ಕ್ಷೇಮ, ಇನ್ನು ಸದ್ಯದ ಸಮಾಚಾರ ಎಂಬಷ್ಟೇ ಆ ಸಾಲಿನ ಹುರುಳು.

ಕಾಗದಗಳನ್ನು ಕಾಪಾಡುವ ವಿಷಯದಲ್ಲಿ ನಾನು ಕಲಿಸುವುದೇನೂ ಇರಲಿಲ್ಲ. ನೀರು ಬಿದ್ದರೆ ಕದಡುವ ಶಾಯಿ ಪೆನ್ನಿನ ಬದಲು ಬಾಲ್‌ಪೆನ್, ಹಾಳೆಯ ಒಂದೇ ಮಗ್ಗುಲಲ್ಲಿ ಬರಹ, ಮೇಲೆ ತಾರೀಕು, ಮಂಡಿಯ ಲೆಕ್ಕದ ಪುಸ್ತಕಗಳಿಗೆ ಸುತ್ತುವಂಥ ಕೆಂಪು ಬಟ್ಟೆಯ ಬಸ್ತನಿ, ನಡುವೆ ಒಣಗಿದ ಬೇವಿನ ಎಲೆ. ಪ್ರತಿಯೊಂದನ್ನೂ ಮಗಳು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುತ್ತಾರೆ, ತನ್ನ ಹೆಸರಿನ ಕಾಗದವೊಂದನ್ನು ಬಿಟ್ಟು.

"ನಿಂತಿತು", "ನಿಲ್ಲಿಸಿದೆ"

ಆ ಕಾಗದದ ಬಗ್ಗೆ ವಿವರವಾಗಿ ಬರೆಯಬೇಕು. ಮಗಳು ಪಿಯುಸಿಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದರು. ಶಿಕ್ಷಕಿಯಾಗಬೇಕೆಂದಿದ್ದರು. ಅದೇ ವರ್ಷ ಮಗನ ಇಂಜಿನಿಯರಿಂಗ್ ಶುಲ್ಕದ ಒತ್ತಡವಿತ್ತು, ಹರಿಹರದಿಂದ ಒಳ್ಳೆಯ ಸಂಬಂಧ ಬಂದಿತ್ತು, ಮದುವೆಯಾಯಿತು. ನಾಲ್ಕನೆಯ ಅಮಾವಾಸ್ಯೆಗೆ ಗುಮಾಸ್ತರು ಮಗಳಿಗೆ ಬರೆದ ಕರಡಿನಲ್ಲಿ ಹೀಗಿತ್ತು: "ಆಗಿನ ಪರಿಸ್ಥಿತಿ ಹಾಗಿತ್ತು. ನಿನ್ನ ಓದು ಅರ್ಧಕ್ಕೆ ನಿಂತಿತು. ಮದುವೆ ಕೂಡಿಬಂತು. ಏನಾದರೂ ಬೇಸರವಾಗಿದ್ದರೆ ಕ್ಷಮಿಸಬೇಕು."

ಕನ್ನಡದಲ್ಲಿ ಈ ರೀತಿಯ ವಾಕ್ಯ ಬಹಳ ಸಲೀಸು. ಗಾಜು ಒಡೆಯಿತು, ಹಾಲು ಉಕ್ಕಿತು, ಓದು ನಿಂತಿತು; ಮಾಡಿದವರು ಯಾರೂ ಇಲ್ಲದೆಯೇ ಎಲ್ಲವೂ ಆಗಿಬಿಡುತ್ತದೆ. ದಿನನಿತ್ಯದ ಬಾಳಿನಲ್ಲಿ ಅದು ಎಷ್ಟೋ ಜಗಳವನ್ನು ತಪ್ಪಿಸುವ ಸೌಜನ್ಯ, ಅದನ್ನು ಹೀಗಳೆಯಲಾರೆ. ಆದರೆ ಕ್ಷಮೆ ಕೇಳುವ ಕಾಗದದಲ್ಲಿ ಅದು ಬಾಗಿಲ ಹಿಂದೆ ನಿಂತು ಮಾತನಾಡಿದಂತೆ. ನಾನು ಕ್ರಿಯಾಪದಗಳಿಗೆ ಮಾತ್ರ ಗೆರೆ ಎಳೆದು, ಪ್ರತಿಯೊಂದಕ್ಕೂ ಯಾರು ಎಂದು ಪಕ್ಕದಲ್ಲಿ ಬರೆದುಕೊಂಡು ಬನ್ನಿ ಎಂದೆ. ಲೆಕ್ಕಿಗರಿಗೆ ಈ ಕೆಲಸ ತಕ್ಷಣ ಅರ್ಥವಾಯಿತು. ಯಾರ ಖಾತೆಗೆ ಎಂದು ನಮೂದಿಸದೆ ಖರ್ಚು ಬರೆಯುವಂತಿಲ್ಲವಷ್ಟೆ. ಮುಂದಿನ ಅಮಾವಾಸ್ಯೆಗೆ ತಂದ ಪ್ರತಿಯಲ್ಲಿ, "ನಿನ್ನ ಓದನ್ನು ನಾನು ನಿಲ್ಲಿಸಿದೆ. ನಿನ್ನ ಅವ್ವ ಬೇಡ ಎಂದಳು, ಅವಳ ಮಾತನ್ನೂ ನಾನು ಕೇಳಲಿಲ್ಲ. ಹಣ ಇರಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಒಬ್ಬರಿಗೆ ಕಟ್ಟುವಷ್ಟು ಇತ್ತು, ನಾನು ಅವನನ್ನು ಆರಿಸಿದೆ" ಎಂದಿತ್ತು. ಕ್ಷಮಿಸು ಎಂಬ ಮಾತನ್ನು ಅವರೇ ತೆಗೆದಿದ್ದರು. ಏಕೆಂದು ಕೇಳಿದಾಗ, ಅದು ಕೊಡಬೇಕೆನ್ನಿಸಿದರೆ ಅವಳು ಕೊಡಬಹುದು, ನಾನು ಕೇಳಿದರೆ ಅದೂ ಅವಳ ಮೇಲೊಂದು ಬಾಕಿಯಾಗುತ್ತದೆ ಎಂದರು. ಇದು ನನಗೆ ಹೊಳೆದಿರಲಿಲ್ಲ.

ಇಂಥ ಕಾಗದವನ್ನು ಸತ್ತ ಮೇಲೆ ಓದಲೆಂದು ಬಸ್ತನಿಯಲ್ಲಿ ಕಟ್ಟಿಡುವುದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಂತೋಷದ ನೆನಪಿನ ಕಾಗದ ಯಾವಾಗ ಸಿಕ್ಕರೂ ಸರಿ; ತಪ್ಪೊಪ್ಪಿಗೆಯ ಕಾಗದ ಸಿಗುವಾಗ ಬರೆದವರು ಎದುರಿಗಿದ್ದು ತಿರುಗಿ ಬರುವ ಸಿಟ್ಟನ್ನು ಕೇಳಿಸಿಕೊಳ್ಳಬೇಕು. ಬೇಗನೆ ಕೊಡಿ ಎಂದು ನಾನು ಒತ್ತಾಯಿಸಿದೆ. ಹಾಗೆ ಒತ್ತಾಯಿಸುವಾಗ ಮುಂದೆ ಯುಗಾದಿ ಇದೆ, ಮಗಳು ಗಂಡ ಮತ್ತು ಮಕ್ಕಳ ಸಮೇತ ಬರುತ್ತಾರೆ ಎಂಬುದನ್ನು ಗಮನಿಸಲಿಲ್ಲ. ಗುಮಾಸ್ತರು ಹಬ್ಬದ ಬೆಳಗ್ಗೆಯೇ, ಬೇವು ಬೆಲ್ಲ ಹಂಚಿದ ಮೇಲೆ, ಕಾಗದವನ್ನು ಕೈಗೆ ಕೊಟ್ಟುಬಿಟ್ಟರು. ಹೋಳಿಗೆಗೆ ಹೂರಣ ರುಬ್ಬುತ್ತಿದ್ದ ಮಗಳು ಅಡುಗೆಮನೆಯಲ್ಲೇ ನಿಂತು ಓದಿ, ಕೈ ತೊಳೆದುಕೊಂಡು, ಮಕ್ಕಳನ್ನು ಕರೆದುಕೊಂಡು ಹರಿಹರದ ಬಸ್ಸು ಹತ್ತಿದರು. ಅಳಿಯನಿಗೆ ಏನೂ ತಿಳಿಯದೆ, ಮಾವನೊಂದಿಗೆ ಮೌನವಾಗಿ ಉಂಡು ಹೋದರಂತೆ. ಹಬ್ಬ ಕೆಟ್ಟಿತು ಎಂದು ಬರೆದರೆ ನಾನೂ ಬಾಗಿಲ ಹಿಂದೆ ನಿಂತಂತಾಗುತ್ತದೆ. ಹಬ್ಬವನ್ನು ನಾನು ಕೆಡಿಸಿದೆ. ಈಗ ಇಂಥ ಸಂದರ್ಭದಲ್ಲಿ ಹಬ್ಬ, ಮದುವೆ, ಪರೀಕ್ಷೆ, ಆಸ್ಪತ್ರೆಯ ದಿನಗಳನ್ನು ಮೊದಲು ಕೇಳಿಕೊಂಡು, ಓದಿದವರಿಗೆ ಎದ್ದು ಹೋಗಲು ದಾರಿಯಿರುವ ಸಾಮಾನ್ಯ ದಿನವೊಂದನ್ನು ಗೊತ್ತುಮಾಡುತ್ತೇನೆ.

ಮಗಳು ಐದು ವಾರ ದಾವಣಗೆರೆಗೆ ಬರಲಿಲ್ಲ. ಫೋನಿನಲ್ಲಿ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿ ಇಡುತ್ತಿದ್ದರು. ಆ ಅವಧಿಯಲ್ಲಿ ಗುಮಾಸ್ತರನ್ನು ನಾನು ವಾರಕ್ಕೆ ಎರಡು ಸಲ ನೋಡಿದೆ. ಆರನೆಯ ವಾರ ಬಂದವರು ತಂದೆಯೆದುರು ಕೂತು, "ಇದನ್ನ ಅವ್ವ ಇದ್ದಾಗ ಹೇಳಿದ್ರೆ ಅವಳಿಗಾದ್ರೂ ಹಗುರಾಗ್ತಿತ್ತು ಅಪ್ಪಾಜಿ. ರೊಕ್ಕ ಇರ್ಲಿಲ್ಲ ಅಂತ ನಾನು ನಂಬಿದ್ದೆ" ಎಂದರಂತೆ. ಅಷ್ಟೇ. ಕ್ಷಮಿಸಿದೆನೆಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ. ಕಾಗದ ಆಕೆಯ ಬಳಿಯೇ ಇದೆ, ಬಸ್ತನಿಯಲ್ಲಿ ಅದರ ಪ್ರತಿ ಇಲ್ಲ. ಆದರೆ ಅಂದಿನಿಂದ ಉಳಿದ ಕಾಗದಗಳ ಫೋಟೊ ತೆಗೆಯುವ ಕೆಲಸವನ್ನು ಆಕೆಯೇ ವಹಿಸಿಕೊಂಡರು, ಒಮ್ಮೊಮ್ಮೆ ಒತ್ತಕ್ಷರ ತಪ್ಪಿದ್ದರೆ ತೋರಿಸುತ್ತಾರೆ. ಗುಮಾಸ್ತರಿಗೆ ಅದು ಬಹಳ ಇಷ್ಟ.

ಬಾಮೈದ

ಇದನ್ನು ಬರೆಯುವ ಹೊತ್ತಿಗೆ ಹದಿಮೂರು ಅಮಾವಾಸ್ಯೆಗಳಾಗಿವೆ. ಎರಡು ತಿಂಗಳು ಅವರು ಬರೆಯಲಿಲ್ಲ, ಒಮ್ಮೆ ಜ್ವರ, ಒಮ್ಮೆ ಸುಮ್ಮನೆ ಮನಸ್ಸಾಗಲಿಲ್ಲ. ತಪ್ಪಿದ್ದನ್ನು ಮುಂದಿನ ತಿಂಗಳು ಸೇರಿಸಿ ಬರೆಯಬೇಡಿ ಎಂದು ಹೇಳಬೇಕಾಯಿತು, ಏಕೆಂದರೆ ಲೆಕ್ಕಿಗರಿಗೆ ಖಾಲಿ ಪುಟ ಕಂಡರೆ ಆಗದು. ಉಳಿದ ಹನ್ನೊಂದರಲ್ಲಿ ನಾಲ್ಕು ಮೊಮ್ಮಗಳಿಗೆ, ಮೂರು ಮಗನಿಗೆ, ಎರಡು ಮಗಳಿಗೆ, ಒಂದು ಆ ಮಳೆಯ ರಾತ್ರಿ ಜೊತೆಗಿದ್ದು ಈಗ ಕಣ್ಣು ಮಂಜಾಗಿರುವ ಹಮಾಲರೊಬ್ಬರಿಗೆ. ಅದನ್ನು ಗುಮಾಸ್ತರೇ ಹೋಗಿ ಓದಿ ಹೇಳಿ ಬಂದರು. ರಾತ್ರಿಯ ನಿದ್ದೆ ಸುಧಾರಿಸಿದೆ, ಅದರಲ್ಲಿ ಕಾಗದದ ಪಾಲೆಷ್ಟು, ಮಾತ್ರೆಯ ಹೊತ್ತು ಬದಲಿಸಿದ್ದರ ಪಾಲೆಷ್ಟು, ವೃತ್ತದ ಗೆಳೆಯರ ಪಾಲೆಷ್ಟು ಎಂದು ಬೇರ್ಪಡಿಸಲಾರೆ. "ನಾನು ಹೋದ ಮೇಲೆ" ಎಂಬ ಮಾತನ್ನು ಅವರು ಈಗ ಆಡುವುದು ಅಪರೂಪ. ಬರೆದ ಕಾಗದಗಳಲ್ಲಿ ಹೆಚ್ಚಿನವನ್ನು ಅಂಚೆಗೆ ಹಾಕಿಯೋ ಕೈಗೆ ಕೊಟ್ಟೋ ಆಗಿದೆ.

ಹನ್ನೊಂದನೆಯದು ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿರುವ ಬಾಮೈದನಿಗೆ, ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಪತ್ರದಲ್ಲಿ. ಅದನ್ನು ಅಂಟಿಸುವ ಮೊದಲು ನನಗೆ ತೋರಿಸಿದರು. ಮುಯ್ಯಿ ಪುಸ್ತಕದಲ್ಲಿ ನಿಮ್ಮ ಅಕ್ಕ ಬರೆದ ಒಂದು ಸಾಲು ಸಿಕ್ಕಿತು, ಅವಳು ಕೊಟ್ಟದ್ದು ಸರಿಯಾಗಿಯೇ ಇತ್ತು, ನಾನೂ ಕೊಡುತ್ತಿದ್ದೆ, ಆದರೆ ನನ್ನನ್ನು ಕೇಳಬಹುದೆಂದು ಅವಳಿಗೆ ಅನ್ನಿಸುವಂತೆ ನಾನು ಇರಲಿಲ್ಲ, ಈ ಹಣದ ವಿಷಯ ಇಲ್ಲಿಗೆ ಮುಗಿಯಿತು ಎಂದು ಬರೆದಿದ್ದರು. ಕೆಳಗೆ ಸಹಿ, ತಾರೀಕು.

ಉತ್ತರ ಬರಲಿಲ್ಲ. ಮೂರು ವಾರದ ಮೇಲೆ ಬಾಮೈದ ತಾನೇ ಒಂದು ಚೀಲ ಶೇಂಗಾ ಹೊತ್ತು ಬಂದಿಳಿದರಂತೆ. ಮಳೆ, ಬೋರ್‌ವೆಲ್, ಶೇಂಗಾದ ಧಾರಣೆ ಮಾತಾಡಿದರು, ಊಟ ಮಾಡಿದರು, ಹಣದ ಮಾತು ಇಬ್ಬರೂ ಎತ್ತಲಿಲ್ಲ. ಹೊರಡುವ ಮುಂಚೆ ಚಪ್ಪಲಿ ಮೆಟ್ಟಿದವರು ಮತ್ತೆ ಬಿಟ್ಟು ಒಳಗೆ ಬಂದು, "ಭಾವ, ಆ ಪುಸ್ತಕ ಒಂದಿಷ್ಟು ಕೊಡ್ರಿ, ಅಕ್ಕನ ಅಕ್ಷರ ನೋಡ್ತೀನಿ" ಎಂದರು.